ಗಾಜಿನ ತೊಟ್ಟಿಯೊಳಗಿನ ದಯಾಮರಣ

ಅಕ್ವೇರಿಯಂನ ಗೋಲ್ಡ್ ಫಿಶ್ ಪಕ್ಕಕ್ಕೆ ವಾಲಿದೆ. ಹೊಟ್ಟೆ ಊದಿದೆ, ಹುರುಪೆಗಳು ಎದ್ದು ನಿಂತಿವೆ, ಕಾಳು ಹಾಕಿದರೆ ಮೂಸುವುದೂ ಇಲ್ಲ. ಕಿವಿರು ಮಾತ್ರ ಆಡುತ್ತಿದೆ. ಮಂಗಳೂರಿನ ಮಣ್ಣಗುಡ್ಡದ ಅಡುಗೆಮನೆಗಳಲ್ಲಿ ಬಂಗುಡೆ, ಬೂತಾಯಿ ಕೊಯ್ಯುವಾಗ ಯಾರಿಗೂ ಏಳದ ಪ್ರಶ್ನೆ, ಹಜಾರದ ಈ ತೊಟ್ಟಿಯ ಮುಂದೆ ಏಳುತ್ತದೆ: ಇದನ್ನು ಕೊಂದು ನೋವು ತಪ್ಪಿಸುವುದೇ, ತಾನಾಗಿ ಸಾಯಲು ಬಿಡುವುದೇ? ಸಣ್ಣ ಜೀವಕ್ಕೆ ದೊಡ್ಡ ಚಿಂತೆ ಎಂದು ಇದನ್ನು ತಳ್ಳಿಹಾಕಬಾರದು. ದಯಾಮರಣ ಎಂಬ ತತ್ತ್ವ ಅತ್ಯಂತ ಕಠಿಣವಾಗುವುದು ಇಂಥಲ್ಲೇ. ಸಾಯುತ್ತಿರುವ ಜೀವ ತನಗೇನು ಬೇಕೆಂದು ಹೇಳಲಾರದು. ನರಳುವ ದನಿಯಾಗಲಿ, ಮುಖದ ಮೇಲೆ ನೋವಿನ ಗೆರೆಯಾಗಲಿ ಅದಕ್ಕಿಲ್ಲ.

ಮೀನಿಗೆ ನೋವಾಗುತ್ತದೆಯೇ ಎಂಬುದನ್ನು ಮೊದಲು ಕೇಳಬೇಕು. 2003ರಲ್ಲಿ ಬ್ರಿಟನ್ನಿನ ಲಿನ್ ಸ್ನೆಡನ್ ಮತ್ತು ಸಂಗಡಿಗರು ರೇನ್‌ಬೋ ಟ್ರೌಟ್ ಮೀನಿನ ತುಟಿಗೆ ಜೇನುಹುಳದ ವಿಷವನ್ನೂ ಅಸಿಟಿಕ್ ಆಮ್ಲವನ್ನೂ ಚುಚ್ಚಿ ನೋಡಿದರು. ಮೀನುಗಳ ಉಸಿರಾಟ ಹೆಚ್ಚಿತು, ಆಹಾರದ ಕಡೆ ಅವು ಬಹಳ ಹೊತ್ತು ಸುಳಿಯಲಿಲ್ಲ. ಆಮ್ಲ ತಾಗಿದವು ತುಟಿಯನ್ನು ಜಲ್ಲಿಗೆ ಉಜ್ಜಿಕೊಂಡವು. ಮಾರ್ಫಿನ್ ಕೊಟ್ಟಾಗ ಇಂಥ ವರ್ತನೆ ತಗ್ಗಿತು. ಮನುಷ್ಯರಿಗಿರುವಂಥ ಮಿದುಳಿನ ಹೊರಪದರ ಮೀನಿಗಿಲ್ಲ, ಹಾಗಾಗಿ ಅದು ನೋವನ್ನು ಅನುಭವಿಸದು ಎಂದು ವಾದಿಸಿದ ಬ್ರಯನ್ ಕೀ ಅವರಂಥ ವಿಜ್ಞಾನಿಗಳೂ ಇದ್ದಾರೆ. ವಾದ ಇನ್ನೂ ಮುಗಿದಿಲ್ಲ. ಆದರೆ ನೋವಿಲ್ಲವೆಂದು ನಂಬಿ ನಾವು ತಪ್ಪಿದರೆ ಅದರ ಬೆಲೆ ತೆರುವುದು ಮೀನು. ಆದ್ದರಿಂದ ನೋವಿದೆ ಎಂದುಕೊಂಡೇ ನಡೆಯುವುದು ನ್ಯಾಯ.

ಇಲ್ಲಿ ಗಾಂಧೀಜಿಯ ಕರುವಿನ ಪ್ರಸಂಗ ಬರಲೇಬೇಕು. 1928ರಲ್ಲಿ ಸಾಬರಮತಿ ಆಶ್ರಮದ ಕರುವೊಂದು ಗುಣವಾಗದ ಸ್ಥಿತಿಗೆ ಬಂದು ಹೊರಳಲಾರದೆ ಬಿದ್ದಿತ್ತು. ಗಾಂಧೀಜಿ ವೈದ್ಯರಿಂದ ಚುಚ್ಚುಮದ್ದು ಕೊಡಿಸಿ ಅದರ ಜೀವ ತೆಗೆಸಿದರು. ಅಹಿಂಸೆಯ ಪ್ರತಿಪಾದಕ ಗೋವಿನ ಕರುವನ್ನೇ ಕೊಲ್ಲಿಸಿದನೆಂದು ಸಿಟ್ಟಿನ ಪತ್ರಗಳು ಬಂದವು. ಅವರು ಹಿಂದೆ ಸರಿಯದೆ ನಾಲ್ಕು ಷರತ್ತುಗಳನ್ನು ಬರೆದರು: ರೋಗ ಗುಣವಾಗದ್ದಾಗಿರಬೇಕು, ಸುತ್ತಲಿನವರೆಲ್ಲ ಬದುಕಿನ ಆಸೆ ಬಿಟ್ಟಿರಬೇಕು, ಯಾವ ಸೇವೆಯಿಂದಲೂ ಉಪಯೋಗವಾಗದ ಹಂತ ಬಂದಿರಬೇಕು, ಆ ಜೀವ ತನ್ನ ಇಚ್ಛೆಯನ್ನು ತಿಳಿಸಲಾರದಂತಿರಬೇಕು. ಕೊಲ್ಲುವ ಕ್ರಿಯೆಯೊಂದನ್ನೇ ನೋಡಿ ಹಿಂಸೆ ಎನ್ನಲಾಗದು, ಅದರ ಹಿಂದಿನ ಉದ್ದೇಶವನ್ನೂ ತೂಗಬೇಕು ಎಂಬುದು ಅವರ ನಿಲುವು.

ಜೈನ ಚಿಂತನೆ ಇದನ್ನು ಒಪ್ಪುವುದಿಲ್ಲ, ಅದೂ ಬಹಳ ಯೋಚಿಸಿಯೇ. 10ನೇ ಶತಮಾನದ ಅಮೃತಚಂದ್ರ ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ, ಸತ್ತರೆ ದುಃಖ ಬೇಗ ತೀರುತ್ತದೆಂಬ ಭಾವನೆಯಿಂದ ದುಃಖಿತ ಜೀವಿಯನ್ನೂ ಕೊಲ್ಲಬಾರದೆಂದು ಸ್ಪಷ್ಟವಾಗಿ ನಿಷೇಧಿಸುತ್ತಾರೆ. ಅದೇ ಪರಂಪರೆ, ಆಹಾರ ತೊರೆದು ದೇಹ ಬಿಡುವ ಸಲ್ಲೇಖನವನ್ನು ಗೌರವಿಸಿತು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಹಾಗೆ ದೇಹ ಬಿಟ್ಟವರ ಹೆಸರುಗಳನ್ನು ಕೊರೆದಿದ್ದಾರೆ. ಆದರೆ ಸಲ್ಲೇಖನವೆಂಬುದು ತನ್ನ ದೇಹದ ಬಗ್ಗೆ ತಾನೇ, ಎಚ್ಚರದಲ್ಲಿ ಕೈಗೊಳ್ಳುವ ವ್ರತ. ಇನ್ನೊಂದು ಜೀವದ ಪರವಾಗಿ ಅದನ್ನು ಯಾರೂ ಕೈಗೊಳ್ಳುವಂತಿಲ್ಲ.

ಈ ಆಕ್ಷೇಪದಲ್ಲಿ ಚುರುಕಾದ ಸತ್ಯವೊಂದಿದೆ. ನೋಡಲಾಗದ ಸಂಕಟ ನಮ್ಮದಾಗಿರುವಾಗಲೂ ನಾವು ಅದನ್ನು ಮೀನಿನ ಹೆಸರಿಗೆ ಬರೆದುಬಿಡುತ್ತೇವೆ. ಹಾಗಾಗಿ ಗಾಂಧೀಜಿಯ ಮೊದಲ ಷರತ್ತೇ ಎಲ್ಲಕ್ಕಿಂತ ಮುಖ್ಯ. ಸಾಯುತ್ತಿದೆ ಎಂದುಕೊಂಡ ಎಷ್ಟೋ ಮೀನುಗಳಿಗೆ ಬಾಧೆ ಕೊಡುತ್ತಿರುವುದು ತೊಟ್ಟಿಯ ನೀರಿನಲ್ಲಿ ಸೇರಿಕೊಂಡ ಅಮೋನಿಯ. ಓರೆಯಾಗಿ ತೇಲುವ ಮೀನಿನ ಈಜುಚೀಲದ ತೊಂದರೆ ಕೆಲವೊಮ್ಮೆ ಒಂದೆರಡು ದಿನದ ಉಪವಾಸಕ್ಕೇ ಸರಿಹೋಗುತ್ತದೆ. ನೀರು ಪರೀಕ್ಷಿಸದೆ, ಸ್ವಲ್ಪ ಸ್ವಲ್ಪವಾಗಿ ಬದಲಿಸಿ ನೋಡದೆ ಕೊಲ್ಲಲು ಹೊರಟರೆ ಅದಕ್ಕೆ ದಯೆ ಎನ್ನಲಾಗದು.

ಎಲ್ಲ ಮಾಡಿಯೂ ಉಳಿಯದಿದ್ದರೆ? ಸುಮ್ಮನಿದ್ದು ಸಾಯಲು ಬಿಡುವುದು ಹೆಚ್ಚು ನಿರ್ದೋಷವಾದ ದಾರಿಯಂತೆ ಕಾಣುತ್ತದೆ. ಮನುಷ್ಯರ ವಿಷಯದಲ್ಲಿ ನಮ್ಮ ನ್ಯಾಯಾಲಯವೂ ಇಂಥದೇ ಭೇದ ಮಾಡಿದೆ. ಹೊನ್ನಾವರ ತಾಲ್ಲೂಕಿನ ಹಳದೀಪುರದ ಅರುಣಾ ಶಾನಭಾಗ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. 1973ರ ನವೆಂಬರಿನಲ್ಲಿ ನಡೆದ ಭೀಕರ ದಾಳಿಯ ನಂತರ 2015ರಲ್ಲಿ ತೀರಿಕೊಳ್ಳುವವರೆಗೆ ಹಾಸಿಗೆಯಲ್ಲೇ ಇದ್ದರು. ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2011ರಲ್ಲಿ, ಕಟ್ಟುನಿಟ್ಟಿನ ಷರತ್ತುಗಳ ಮೇಲೆ ಜೀವರಕ್ಷಕ ಚಿಕಿತ್ಸೆ ಹಿಂತೆಗೆಯಬಹುದು, ವಿಷ ಚುಚ್ಚಿ ಕೊಲ್ಲುವಂತಿಲ್ಲ ಎಂದು ಗೆರೆ ಎಳೆಯಿತು. ಅರುಣಾ ಅವರ ಮಟ್ಟಿಗೆ ಅದಕ್ಕೂ ಅನುಮತಿ ಸಿಗಲಿಲ್ಲ. ವರ್ಷಗಟ್ಟಲೆ ಅವರನ್ನು ನೋಡಿಕೊಂಡಿದ್ದ ಆಸ್ಪತ್ರೆಯ ಸಿಬ್ಬಂದಿ ಅವರು ಬದುಕಿರಲಿ ಎಂದಿದ್ದರು. ಮನುಷ್ಯರ ವಿಷಯದಲ್ಲಿ ಈ ಗೆರೆಗೆ ಅರ್ಥವಿದೆ. ದುರುಪಯೋಗದ ಭಯವಿದೆ, ಕೊನೆಯ ದಿನಗಳ ನೋವನ್ನು ಇಳಿಸುವ ಔಷಧಗಳೂ ಇವೆ. ಮನೆಯ ತೊಟ್ಟಿಯ ಮೀನಿಗೆ ಹಿಂತೆಗೆಯಲು ವೆಂಟಿಲೇಟರ್ ಇಲ್ಲ, ಉಪಶಾಮಕ ಆರೈಕೆಯೂ ಇಲ್ಲ. ಕಿವಿರು ಸೋತ ಮೀನನ್ನು ಹಾಗೇ ಬಿಡುವುದೆಂದರೆ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಉಸಿರುಗಟ್ಟಲು ಬಿಡುವುದು. ಕೊಲ್ಲುವುದಕ್ಕೂ ಸಾಯಲು ಬಿಡುವುದಕ್ಕೂ ಇರುವ ಅಂತರ ಇಲ್ಲಿ ನೋಡುವವರ ಮನಸ್ಸಾಕ್ಷಿಯನ್ನಷ್ಟೇ ಕಾಯುತ್ತದೆ. ಮೀನಿಗೆ ಅದರಿಂದ ಏನೂ ದಕ್ಕುವುದಿಲ್ಲ.

ಕೊಲ್ಲುವುದೇ ಸರಿಯೆಂದಾದರೆ ಹೇಗೆಂಬುದೂ ನೀತಿಯ ಪ್ರಶ್ನೆಯೇ. ಟಾಯ್ಲೆಟ್ಟಿಗೆ ಹಾಕಿ ನೀರು ಬಿಡುವುದು, ನೀರಿನಿಂದ ತೆಗೆದು ಒಣಗಲು ಬಿಡುವುದು, ಎಚ್ಚರವಿರುವಾಗಲೇ ಫ್ರೀಜರಿನಲ್ಲಿಡುವುದು ಇವೆಲ್ಲ ಸಲ್ಲದೆಂದು ಅಮೆರಿಕದ ಪಶುವೈದ್ಯರ ಸಂಘದ ಮಾರ್ಗಸೂಚಿ ಹೇಳುತ್ತದೆ. ಲವಂಗದ ಎಣ್ಣೆಯಲ್ಲಿರುವ ಯೂಜಿನಾಲ್ ಮೀನಿಗೆ ಅರಿವಳಿಕೆ. ತೊಟ್ಟಿಯದೇ ನೀರಿನಲ್ಲಿ ಅದನ್ನು ಚೆನ್ನಾಗಿ ಕದಡಿ ಮೀನನ್ನು ಬಿಟ್ಟರೆ ಮೊದಲು ಪ್ರಜ್ಞೆ ತಪ್ಪುತ್ತದೆ, ಆಮೇಲೆ ಕಿವಿರು ನಿಲ್ಲುತ್ತದೆ. ಪ್ರಮಾಣ ಕಡಿಮೆಯಾದರೆ ಶುದ್ಧ ನೀರಿನಲ್ಲಿ ಮೀನು ಮತ್ತೆ ಚೇತರಿಸಿಕೊಳ್ಳಬಲ್ಲುದು. ಆದ್ದರಿಂದ ಕಿವಿರು ನಿಂತ ಮೇಲೂ ಬಹಳ ಹೊತ್ತು ಅದೇ ನೀರಿನಲ್ಲಿ ಬಿಡಬೇಕು, ಸಾವು ಖಚಿತವಾಗುವಂತೆ ಎರಡನೆಯ ಕ್ರಮವೂ ಬೇಕು. ಇದನ್ನು ಬಲ್ಲವರ ಕೈಯಲ್ಲಿ ಮಾಡಿಸುವುದು ಒಳ್ಳೆಯದು. 1969ರಲ್ಲಿ ಆರಂಭವಾದ ಮೀನುಗಾರಿಕಾ ಕಾಲೇಜು ಮಂಗಳೂರಿನಲ್ಲೇ ಇರುವುದರಿಂದ, ಮೀನಿನ ರೋಗಗಳನ್ನು ಓದಿದವರನ್ನು ಹುಡುಕಿ ಕೇಳುವುದು ಮಣ್ಣಗುಡ್ಡದವರಿಗೆ ದೂರದ ಮಾತೇನಲ್ಲ.