ಉರಿಯುತ್ತದೆ ಎಂದವಳು

ನನ್ನ ತಂಗಿ ಹೈಸ್ಕೂಲಿನಲ್ಲಿದ್ದಾಗಲೇ ಹೇಳುತ್ತಿದ್ದಳು: "ಅಕ್ಕಾ, ಈ ಸ್ಟಿಕ್ಕರ್ ಇಟ್ಟರೆ ಹಣೆ ಉರೀತದೆ." ನ್ಯಾಮತಿಯ ನಮ್ಮ ಮನೆಯ ಕನ್ನಡಿಯ ಅಂಚಿನಲ್ಲಿ ಅವ್ವನವು, ಚಿಕ್ಕಮ್ಮನವು, ನನ್ನವು ಎಂದು ಬಿಂದಿಗಳು ಸಾಲಾಗಿ ಅಂಟಿಕೊಂಡಿರುತ್ತಿದ್ದವು. ಬೆವರಿಗೆ ಇಳಿಯದ, ಸೆರಗಿಗೆ ಹತ್ತದ ಆ ಬೊಟ್ಟು ಬಂದಮೇಲೆ ಕುಂಕುಮದ ಭರಣಿ ದೇವರ ಗೂಡು ಸೇರಿತ್ತು. ಇಷ್ಟು ಜನರ ಹಣೆಗೆ ಒಗ್ಗಿದ್ದು ಇವಳ ಹಣೆಗೇಕೆ ಒಗ್ಗಬಾರದು? "ನಮಗ್ಯಾರಿಗೂ ಇಲ್ಲದ್ದು ನಿನಗೊಬ್ಬಳಿಗೇ ಏನಾತೇ?" ಎಂದು ಕೇಳಿ ನಕ್ಕಿದ್ದೆ. ಉತ್ತರ ಬೇಕೆಂದು ಕೇಳಿದ್ದಲ್ಲ ಅದು.

1995ರಲ್ಲಿ ಅವಳನ್ನು ಜಗಳೂರಿಗೆ ಕೊಟ್ಟೆವು. ಆಗಿನ್ನೂ ದಾವಣಗೆರೆ ಜಿಲ್ಲೆಯಾಗಿರಲಿಲ್ಲ. ಹೊನ್ನಾಳಿ ತಾಲ್ಲೂಕಿನ ನಮ್ಮ ನ್ಯಾಮತಿ ಶಿವಮೊಗ್ಗಕ್ಕೆ ಸೇರಿತ್ತು, ಜಗಳೂರು ಚಿತ್ರದುರ್ಗಕ್ಕೆ. ಮಗಳನ್ನು ಬೇರೆ ಜಿಲ್ಲೆಗೆ ಕೊಟ್ಟೆವೆಂದು ಅವ್ವ ಅತ್ತಿದ್ದೇ ಅತ್ತಿದ್ದು. ಎರಡು ವರ್ಷ ಕಳೆಯುವುದರೊಳಗೆ ಸರ್ಕಾರವೇ ಎರಡೂ ಊರುಗಳನ್ನು ಒಂದು ಜಿಲ್ಲೆಗೆ ಹಾಕಿತು. ಮದುವೆಯ ದಿನ ಅವಳ ಹಣೆಗೆ ಕಲ್ಲಿನ ಬಿಂದಿ ಒತ್ತಿದವಳು ನಾನು. ಅವಳು ಮುಖ ಹಿಂದಕ್ಕೆ ಎಳೆದುಕೊಂಡಳು. ನಾನು ಗದ್ದ ಹಿಡಿದು ಒತ್ತಿದೆ.

ಆಮೇಲೆ ಇನ್‌ಲ್ಯಾಂಡ್ ಪತ್ರಗಳು ಬರತೊಡಗಿದವು. ನವೆ, ಉರಿ, ರಾತ್ರಿ ತೆಗೆದರೆ ಕೆಂಪು ಗುರುತು. ಅತ್ತೆಮನೆಯಲ್ಲಿ ಬೋಳು ಹಣೆಯಲ್ಲಿರುವುದು ಹೇಗೆ ಎಂದು ಕೇಳಿದ್ದಳು. "ಸ್ವಲ್ಪ ಮೇಲೆ ಕೆಳಗೆ ಮಾಡಿ ಹಚ್ಚು" ಎಂದು ಬರೆದೆ. ಎರಡನೆಯ ವರ್ಷ ಹುಬ್ಬುಗಳ ನಡುವೆ ಬಿಂದಿಯ ಅಳತೆಯದೇ ಒಂದು ಬಿಳಿ ಮಚ್ಚೆ ಎದ್ದಿತು. ಅದನ್ನು ಮುಚ್ಚಲು ದೊಡ್ಡ ಬಿಂದಿ ಇಟ್ಟಳು, ಮಚ್ಚೆಯೂ ದೊಡ್ಡದಾಯಿತು. ಯಾರೋ "ತೊನ್ನು" ಅಂದರು. ಮದುವೆಗೆ ಮೊದಲೇ ಇತ್ತೇ, ಮುಚ್ಚಿಟ್ಟು ಕೊಟ್ಟಿರೇ ಎಂದು ಅಪ್ಪನಿಗೆ ಹೇಳಿ ಕಳಿಸಿದರು. ಅಪ್ಪ ಜಗಳೂರಿಗೆ ಹೋಗಿ ಅವರ ಜಗಲಿಯ ಮೇಲೆ ತಲೆ ತಗ್ಗಿಸಿ ಕೂತಿದ್ದರಂತೆ.

ದಾವಣಗೆರೆಯ ಚರ್ಮವೈದ್ಯರು ಮೊದಲು ಕೇಳಿದ್ದು ಬಿಂದಿಯ ಪ್ಯಾಕೆಟ್ಟನ್ನು. ಇಂಥ ಅಂಟುಗಳಲ್ಲಿ ಪ್ಯಾರಾ ಟರ್ಷಿಯರಿ ಬ್ಯುಟೈಲ್ ಫಿನಾಲ್ ಎಂಬ ರಾಸಾಯನಿಕ ಇರುವುದುಂಟು, ಅದು ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳನ್ನೇ ಹಾಳುಮಾಡುತ್ತದೆ, ನಮ್ಮ ದೇಶದ ಹೆಂಗಸರಲ್ಲಿ ಇದು ಹೊಸದಲ್ಲ ಎಂದರು. ಮನೆತನದಿಂದ ಬಂದದ್ದಲ್ಲವೆಂದು ಕೇಳಿ ಎಲ್ಲರಿಗೂ ಉಸಿರು ಬಂತು. ತೊನ್ನೇ ಆಗಿದ್ದರೂ ಅದು ಅಂಟುರೋಗವಲ್ಲ, ಅವಳ ತಪ್ಪೂ ಅಲ್ಲ ಎಂಬ ಮಾತು ಅವತ್ತು ನಮ್ಮಲ್ಲಿ ಒಬ್ಬರ ಬಾಯಲ್ಲೂ ಬರಲಿಲ್ಲ. ನನ್ನ ಬಾಯಲ್ಲೂ ಬರಲಿಲ್ಲ.

ವೈದ್ಯರು ಇನ್ನೊಂದು ವಿಷಯವನ್ನೂ ಬಿಡಿಸಿ ಹೇಳಿದರು. ಕೆಲವು ವಸ್ತುಗಳು ಖಾರವಾದವು. ಹೆಚ್ಚಾದರೆ ಯಾರ ಚರ್ಮವನ್ನಾದರೂ ಸುಡುತ್ತವೆ. ಅಲರ್ಜಿಯ ದಾರಿ ಬೇರೆ. ಅದರಲ್ಲಿ ಮೊದಮೊದಲು ಏನೂ ಕಾಣಿಸುವುದಿಲ್ಲ. ಮೈ ಒಳಗೊಳಗೇ ಆ ವಸ್ತುವಿನ ಗುರುತು ಹಿಡಿದಿಟ್ಟುಕೊಳ್ಳುತ್ತದೆ. ಆಮೇಲೊಂದು ದಿನ ಚೂರೇ ಚೂರು ತಾಕಿದರೂ ಸಿಡಿದೇಳುತ್ತದೆ. ಹಾಗಾಗಿ "ಹತ್ತು ವರ್ಷದಿಂದ ಹಚ್ಚುತ್ತಿದ್ದೇನೆ, ನನಗೇನೂ ಆಗಿಲ್ಲ" ಎಂಬ ಮಾತಿಗೆ ನನ್ನ ಮೈಯ ಮಟ್ಟಿಗೇ ಭರವಸೆಯಿಲ್ಲ. ಅದನ್ನು ಇನ್ನೊಬ್ಬಳ ಮೈಗೆ ಸಾಕ್ಷಿಯಾಗಿ ಹೇಗೆ ಒಯ್ಯುವುದು? ನಾನಂತೂ ಒಯ್ದಿದ್ದೆ.

ತಂಗಿಯ ಮಾವನವರದೂ ಒಂದು ಚರ್ಮದ ಕಥೆಯೇ. ಕಾಂಗ್ರೆಸ್ ಗಿಡ ಎಂದು ನಾವು ಕರೆಯುವ ಪಾರ್ಥೇನಿಯಂ ಹೂವಿಗೆ ಬಂದಾಗ ಅವರ ರೆಪ್ಪೆ ಊದಿಕೊಂಡು, ಕುತ್ತಿಗೆ, ಮೊಣಕೈ ಮಡಿಕೆಗಳು ಒಡೆದು ನೀರಾಡುತ್ತಿದ್ದವು. ಗಿಡ ಮುಟ್ಟುವುದೇ ಬೇಡ, ಗಾಳಿಯಲ್ಲಿ ಅದರ ಧೂಳು ಬಂದರೆ ಸಾಕು. "ನೀವು ಹೊಲಕ್ಕೆ ಬರಬ್ಯಾಡ್ರಿ, ಮನೇಲಿರ್ರಿ" ಎಂದು ಮಕ್ಕಳು ಕೆಲಸ ಹಂಚಿಕೊಂಡರು. ಆ ಓಣಿಯಲ್ಲಿ ಆ ಗಿಡದಿಂದ ನರಳಿದವರು ಇನ್ನ್ಯಾರೂ ಇರಲಿಲ್ಲ. ಆದರೂ "ನಿಮಗೊಬ್ಬರಿಗೇ ಏನಾತು" ಎಂದು ಯಾರೂ ಅವರನ್ನು ಕೇಳಲಿಲ್ಲ. ಅದೇ ಮನೆ, ಅದೇ ವರ್ಷ.

ಚನ್ನಗಿರಿಗೆ ಮದುವೆಯಾಗಿ ಬಂದ ನಾನು ಇಲ್ಲಿ ಕಂಡದ್ದು ಮತ್ತೊಂದು ಬಗೆ. ಅಡಿಕೆ ಸುಲಿಯಲು ಬರುವ ಹೆಂಗಸರ ಬೆರಳುಗಳು ಹಸಿ ಅಡಿಕೆಯ ಒಗರಿಗೆ ಕಪ್ಪಾಗಿ, ತುದಿ ಬಿರಿದಿರುತ್ತವೆ. ಉಣ್ಣುವಾಗ ಸಾರು ತಾಕಿದರೆ ಮುಖ ಕಿವುಚುತ್ತಾರೆ. ಅವರ ಚರ್ಮ ಸೂಕ್ಷ್ಮವೆಂದು ಯಾರೂ ಅಂದದ್ದು ಕೇಳಿಲ್ಲ. ಆ ಮಾತು ಟಿವಿ ಜಾಹೀರಾತಿನ ಕೆನ್ನೆಗಳಿಗೆ ಮೀಸಲು.

ಹೊಸದನ್ನು ಮೊದಲು ಯಾರ ಮೈಮೇಲೆ ನೋಡಬೇಕೆಂಬುದು ನಮ್ಮ ಅಡುಗೆಮನೆಗಳಿಗಿಂತ ಆಚೆಯೂ ಕಾಡಿದ ಪ್ರಶ್ನೆ. 1930ರ ದಶಕದಲ್ಲಿ ಅಮೆರಿಕದ ಹೆಂಗಸರು ರೆಪ್ಪೆಗೂದಲಿಗೆ ಹಚ್ಚಿಕೊಂಡ ಲ್ಯಾಶ್ ಲ್ಯೂರ್ ಎಂಬ ಬಣ್ಣ ಕೆಲವರ ಕಣ್ಣನ್ನೇ ಕಳೆಯಿತು. 1938ರಲ್ಲಿ ಅಲ್ಲಿ ಕಾನೂನು ಬಂತು. 1944ರಲ್ಲಿ ಡ್ರೇಜ್ ಎಂಬಾತನ ಹೆಸರಿನ ಪರೀಕ್ಷೆ ಬಂತು: ಮೊಲದ ಕಣ್ಣಿಗೆ, ತುಪ್ಪಳ ಬೋಳಿಸಿದ ಚರ್ಮಕ್ಕೆ ವಸ್ತು ಹಾಕಿ ಕಾಯುವುದು. ನಮ್ಮ ದೇಶ 2014ರಲ್ಲಿ ಪ್ರಸಾಧನಗಳಿಗಾಗಿ ಪ್ರಾಣಿಗಳ ಮೇಲಿನ ಪರೀಕ್ಷೆಯನ್ನು ನಿಷೇಧಿಸಿತು. ಒಳ್ಳೆಯದಾಯಿತು. ಮೊಲಕ್ಕೆ ಉರಿಯುತ್ತದೆ ಎನ್ನಲು ಬಾಯಿರಲಿಲ್ಲ, ಅದಕ್ಕೇ ಅದರ ಕಣ್ಣು ಕೆಂಪಾಗುವುದನ್ನು ಕಾದು ನೋಡುತ್ತಿದ್ದರು. ನನ್ನ ತಂಗಿಗೆ ಬಾಯಿತ್ತು. ನಾನೂ ಹಾಗೆಯೇ ಮಚ್ಚೆ ಏಳುವವರೆಗೆ ಕಾದೆ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಬಲು ಸುಲಭ. ಹೊಸ ಕ್ರೀಮನ್ನು ಮೊಣಕೈ ಒಳಬದಿಯಲ್ಲಿ ನಾಣ್ಯದಗಲ ಜಾಗಕ್ಕೆ ದಿನಕ್ಕೆರಡು ಸಲ, ಒಂದು ವಾರ ಹತ್ತು ದಿನ ಹಚ್ಚಿ ನೋಡುವುದು. ಕೂದಲಿನ ಬಣ್ಣವಾದರೆ 48 ಗಂಟೆ ಮೊದಲೇ ಒಂದು ತೊಟ್ಟು ಹಚ್ಚಿ ಕಾಯಿರಿ ಎಂದು ಪೊಟ್ಟಣದ ಮೇಲೆ ಅಕ್ಷರ ಅಚ್ಚಾಗಿರುತ್ತದೆ, ಇರುವೆ ಸಾಲಿನಂತೆ. ಇನ್ನೂ ಅನುಮಾನವಿದ್ದರೆ ಚರ್ಮವೈದ್ಯರು ಬೆನ್ನಿಗೆ ಪಟ್ಟಿ ಅಂಟಿಸಿ, ಎರಡು ದಿನ ಬಿಟ್ಟು ತೆಗೆದು ನೋಡುತ್ತಾರೆ. ಆದರೆ ತಿಂಗಳುಗಟ್ಟಲೆ ಹಚ್ಚಿದ ಮೇಲೆ ತೋರುವ ಬಿಳಿ ಮಚ್ಚೆಯನ್ನು ಈ ಒಂದು ವಾರದ ಪರೀಕ್ಷೆ ಹಿಡಿಯುವುದಿಲ್ಲ. ಅವಳ ವಿಷಯದಲ್ಲಿ ಮುಂಚಿತವಾಗಿ ಸಿಕ್ಕಿದ್ದ ಸೂಚನೆ ಒಂದೇ, ಕನ್ನಡಿಯ ಮುಂದೆ ನಿಂತು ಅವಳು ಆಡಿದ ಆ ಮಾತು.

ಬಿಂದಿ ಬಿಟ್ಟಮೇಲೆ ಬಣ್ಣ ನಿಧಾನವಾಗಿ ಮರಳಿತು, ಪೂರ್ತಿಯಲ್ಲ. ಓಣಿಯವರು ಬೋಳು ಹಣೆಯ ಮಾತೆತ್ತಿದಾಗ ಎಲ್ಲರೂ ಹೆದರುತ್ತಿದ್ದ ಅವಳ ಅತ್ತೆಯೇ ವಿಭೂತಿ ತಂದು ಸೊಸೆಯ ಹಣೆಗೆ ಎಳೆದು, "ಇಷ್ಟು ಸಾಕು, ಯಾರೇನಂತಾರೋ ಅನ್ನಲಿ" ಎಂದರಂತೆ. ಹೊಟ್ಟೆಯಲ್ಲಿ ಹುಟ್ಟಿದವರಿಗೆ, ಒಡಹುಟ್ಟಿದವರಿಗೆ ಹೊಳೆಯದ್ದು ಆ ಗಟ್ಟಿಗಿತ್ತಿಗೆ ಹೊಳೆದಿತ್ತು.

ಹೋದ ತಿಂಗಳು ಹೊನ್ನಾಳಿಯಲ್ಲಿ ಒಂದು ಮದುವೆ. ತಂಗಿಯ ಮಗಳು ನನಗೆಂದು ಕೂದಲಿಗೆ ಹಚ್ಚುವ ಕಪ್ಪು ಬಣ್ಣದ ಪೊಟ್ಟಣ ಕಳಿಸಿದ್ದಳು. ಕಿವಿಯ ಹಿಂದೆ ಒಂದು ತೊಟ್ಟು ಹಚ್ಚಿ ಕಾದೆ. ಮನೆಯವರು ನಕ್ಕರು. ಎರಡನೆಯ ದಿನ ಏನೋ ಚುರುಚುರು ಅಂದಂತಾಯಿತು, ನಿಜವೋ ನನ್ನ ಭ್ರಮೆಯೋ ತಿಳಿಯಲಿಲ್ಲ. ಬಿಳಿ ತಲೆಯಲ್ಲೇ ಮದುವೆಗೆ ಹೋದೆ. ತಂಗಿ ಪಂಕ್ತಿಯಲ್ಲಿ ಪಕ್ಕಕ್ಕೆ ಬಂದು ಕೂತು, "ಹಚ್ಚಲಿಲ್ಲೇನಕ್ಕಾ? ಉರೀತೇನು?" ಎಂದು ಮೆಲ್ಲಗೆ ಕೇಳಿದಳು.

"ಗೊತ್ತಿಲ್ಲ ಕಣೇ. ಉರಿದಂಗಾತು."

ಅವಳು ಎಲೆ ಬಿಟ್ಟು ತಿರುಗಿ, ನನ್ನ ಕಿವಿಯನ್ನು ಬೆಳಕಿಗೆ ಹಿಡಿದು ನೋಡಿದಳು.