ಗೇರ್ ಮ್ಯಾಲೇ ಹಾಕಬೇಕು

ನಮ್ಮ ಮಾವ ಮೊದಲ ಸಲ ವಿಮಾನ ಹತ್ತಿದ್ದು ಮಂಗಳೂರಿನ ಆಸ್ಪತ್ರೆಗೆ ಹೋಗಲಿಕ್ಕೆ. ನಮ್ಮೂರು ಜವಳಗೇರಾದಿಂದ ಕಾರಿನಲ್ಲಿ ಹೈದರಾಬಾದಿಗೆ, ಅಲ್ಲಿಂದ ವಿಮಾನ. ಶ್ರಾವಣದ ಮಳೆ. ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜ್ಪೆಯ ಗುಡ್ಡ ಹತ್ತಿರವಾಗುವ ಹೊತ್ತಿಗೆ ಕಿಟಕಿಯ ತುಂಬ ನೀರಿಳಿಯುತ್ತಿತ್ತು. ಚಕ್ರ ನೆಲ ಮುಟ್ಟಿದ್ದು ಧಡ್ ಎಂದು. ತಲೆಯ ಮೇಲಿನ ಸಾಮಾನಿನ ಗೂಡುಗಳು ಒಮ್ಮೆ ಗಡಗಡಿಸಿದವು, ಹಿಂದಿನ ಸೀಟಿನ ಕೂಸು ಚಿಟ್ಟನೆ ಚೀರಿತು. ಮರುಕ್ಷಣ ರೆಕ್ಕೆಯ ಮೇಲಿನ ಫಲಕಗಳು ಎದ್ದು ನಿಂತವು, ಎಂಜಿನ್ ಅಬ್ಬರಿಸಿತು, ಬೆಲ್ಟು ಹೊಟ್ಟೆಗೆ ಒತ್ತಿತು, ವಿಮಾನ ನಿಧಾನವಾಯಿತು. ಮಾವ ಮುಂದಿನ ಸೀಟನ್ನು ಹಿಡಿದಿದ್ದ ಕೈ ಬಿಡಲಿಲ್ಲ.

"ಏನೋ ಅಳಿಯಾ, ಹಿಂಗ ಕುಕ್ಕಿದ್ನಲ್ಲೋ! ನಮ್ಮ ಟ್ರ್ಯಾಕ್ಟರ್ ಡ್ರೈವರ್ ಇದಕ್ಕಿಂತ ಮೆತ್ತಗ ನಿಲ್ಲಿಸ್ತಾನ."

ಆವತ್ತು ನನಗೂ ಹಾಗೇ ಅನಿಸಿತ್ತು. ಊರಿಗೆ ಬಂದ ಮೇಲೆ ಈ ಮಾತನ್ನು ಸಿಂಧನೂರಿನ ಒಬ್ಬ ಹುಡುಗನ ಮುಂದೆ ಹೇಳಿದೆ. ಜಕ್ಕೂರಿನ ಸರ್ಕಾರಿ ವೈಮಾನಿಕ ಶಾಲೆಯಲ್ಲಿ ಕಲಿತು ಈಗ ದೊಡ್ಡ ವಿಮಾನಗಳನ್ನೇ ಹಾರಿಸುವವನು. ಅವನು ನಗಲಿಲ್ಲ. "ಕಾಕಾ, ಅವ್ರು ಕುಕ್ಕಿಲ್ರಿ, ಕೂಡ್ಸ್ಯಾರ" ಎಂದ.

ಆ ಎರಡು ಕ್ರಿಯಾಪದಗಳ ನಡುವಿನ ಅಂತರ ನನ್ನನ್ನು ಬಹಳ ದಿನ ಕಾಡಿತು. ಕುಕ್ಕುವುದೆಂದರೆ ಕೈತಪ್ಪಿ ಬೀಳಿಸುವುದು. ಕೂಡಿಸುವುದೆಂದರೆ ಬೇಕೆಂದೇ, ಇಲ್ಲೇ ಎಂದು, ಊರಿಸುವುದು. ನೀರು ನಿಂತ ರನ್‌ವೇಯಲ್ಲಿ ಮೆತ್ತಗೆ ಇಳಿದ ಚಕ್ರ ನೀರಿನ ಪದರದ ಮೇಲೆಯೇ ಜಾರಬಹುದು. ಆಗ ಅದು ಡಾಂಬರನ್ನು ಮುಟ್ಟುವುದೇ ಇಲ್ಲ, ಬ್ರೇಕು ಹಿಡಿಯುವುದಿಲ್ಲ. ಗಟ್ಟಿಯಾಗಿ ಊರಿದ ಚಕ್ರ ಆ ಪದರವನ್ನು ಸೀಳಿ ನೆಲಕ್ಕೆ ತಾಗುತ್ತದೆ, ಕೂಡಲೇ ತಿರುಗುತ್ತದೆ. ಚಕ್ರ ನೆಲ ಕಂಡಿದೆ ಎಂದು ಯಂತ್ರಕ್ಕೆ ತಿಳಿದ ಮೇಲೆಯೇ ರೆಕ್ಕೆಯ ಮೇಲಿನ ಆ ಫಲಕಗಳು, ಅಂದರೆ ಸ್ಪಾಯ್ಲರುಗಳು, ಎದ್ದು ರೆಕ್ಕೆ ಹೊತ್ತಿದ್ದ ಭಾರವನ್ನು ಚಕ್ರಗಳಿಗೆ ದಾಟಿಸುತ್ತವೆ. ನಮ್ಮನ್ನು ಬೆಚ್ಚಿಬೀಳಿಸಿದ ಆ ಧಡ್ ಸದ್ದಿನಲ್ಲಿ ಇಷ್ಟೆಲ್ಲ ಕೆಲಸವಿತ್ತು. ಬಜ್ಪೆಯ ರನ್‌ವೇ ಇರುವುದು ಗುಡ್ಡದ ತಲೆಯನ್ನು ಸಪಾಟು ಮಾಡಿ. ಉದ್ದ 2,450 ಮೀಟರ್, ಅದರಾಚೆ ಕಮರಿ. ಇಳಿಯುವ ಜೆಟ್ ವಿಮಾನ ಸೆಕೆಂಡಿಗೆ ಸುಮಾರು 70 ಮೀಟರ್ ಓಡುತ್ತಿರುತ್ತದೆ. ಹೂವಿನ ಹಾಗೆ ಇಳಿಸುತ್ತೇನೆಂದು ಐದು ಸೆಕೆಂಡು ಹೆಚ್ಚು ತೇಲಿಸಿದರೆ 350 ಮೀಟರ್ ರನ್‌ವೇ ಕಾಲಡಿಯಿಂದ ಹೋಯಿತು. ಪ್ರಯಾಣಿಕರು ಚಪ್ಪಾಳೆ ತಟ್ಟುವ ಮೆತ್ತನೆಯ ಇಳಿತ ಎಷ್ಟೋ ಸಲ ಆ ರನ್‌ವೇಯನ್ನೇ ಬೆಲೆ ಕೊಟ್ಟು ಕೊಂಡದ್ದು.

ಹಾಗಾದರೆ ಒಳ್ಳೆಯ ಇಳಿತ ಯಾವುದು? ಪೈಲಟ್ ತನ್ನ ಕೆಲಸವನ್ನು ಅಳೆಯುವ ಸೇರು ಬೇರೆ. ಮೂರು ಡಿಗ್ರಿಯ ಇಳಿಜಾರು ಹಿಡಿದು ಬರಬೇಕು. ರನ್‌ವೇಯ ಅಂಚನ್ನು ಸುಮಾರು 50 ಅಡಿ ಎತ್ತರದಲ್ಲಿ ದಾಟಬೇಕು. ಅಂಚಿನಿಂದ ಸಾವಿರ ಅಡಿ ಒಳಗಿನ ಗುರುತಿನ ಆಸುಪಾಸು, ನಡುಗೆರೆಯ ಮೇಲೆ, ಮೂತಿ ನೇರವಾಗಿ, ಸರಿಯಾದ ವೇಗದಲ್ಲಿ ಮುಟ್ಟಬೇಕು. ಮೆತ್ತಗೆ ಮುಟ್ಟಿದರೆ ಸಂತೋಷವೇ. ಆದರೆ ಅದು ಪಟ್ಟಿಯ ಕೊನೆಗೆ ಬರುವ ಮಾತು. ಇದಕ್ಕಿಂತ ಮುಖ್ಯವಾದದ್ದು ಪ್ರಯಾಣಿಕನ ಕಣ್ಣಿಗೆ ಬೀಳುವುದೇ ಇಲ್ಲ. ನೆಲದಿಂದ ಸಾವಿರ ಅಡಿ ಮೇಲಿರುವಾಗಲೇ (ಆಕಾಶ ತಿಳಿಯಾಗಿದ್ದರೆ ಐನೂರು ಅಡಿಗೆ) ವೇಗ, ದಿಕ್ಕು, ಇಳಿಯುವ ರಭಸ, ಎಂಜಿನ್ನಿನ ಶಕ್ತಿ ಎಲ್ಲವೂ ಹದಕ್ಕೆ ಬಂದಿರಬೇಕು. ಅದನ್ನು ಸ್ಟೇಬಲ್ ಅಪ್ರೋಚ್ ಎನ್ನುತ್ತಾರೆ. ಬಂದಿಲ್ಲವೆಂದರೆ ಮಾತಿಲ್ಲ, ಮತ್ತೆ ಮೇಲೇರಬೇಕು. ಅದಕ್ಕೆ ಗೋ-ಅರೌಂಡ್ ಎಂದು ಹೆಸರು.

ಪೈಲಟುಗಳ ನಡುವೆ ಒಂದು ಹಳೆಯ ಮಾತಿದೆ: ಇಳಿದ ಮೇಲೆ ಎದ್ದು ನಡೆದು ಹೋಗುವಂತಿದ್ದರೆ ಅದು ಒಳ್ಳೆಯ ಇಳಿತ, ಆ ವಿಮಾನ ಮತ್ತೆ ಹಾರುವಂತಿದ್ದರೆ ಅದು ಅತ್ಯುತ್ತಮ ಇಳಿತ. ಬೇರೆ ದಾರಿಯೇ ಇಲ್ಲದವನ ವಿಷಯದಲ್ಲಿ ಈ ಮಾತು ನಿಜ. 2009ರ ಜನವರಿ 15ರಂದು ನ್ಯೂಯಾರ್ಕಿನಲ್ಲಿ ಹಕ್ಕಿಗಳು ಬಡಿದು ಎರಡೂ ಎಂಜಿನ್ ಶಕ್ತಿ ಕಳೆದುಕೊಂಡ ವಿಮಾನವನ್ನು ಹಡ್ಸನ್ ನದಿಯ ಮೇಲೆ ಇಳಿಸಿದರು. 155 ಜನರೂ ಬದುಕಿದರು. ಅದನ್ನು ಒಳ್ಳೆಯ ಇಳಿತ ಎನ್ನಲು ಯಾರ ಅಪ್ಪಣೆಯೂ ಬೇಡ. ಆದರೆ ಎಂಜಿನ್ ಸರಿಯಿದ್ದು, ಇಂಧನವಿದ್ದು, ಮತ್ತೊಮ್ಮೆ ಸುತ್ತು ಹಾಕಿ ಬರಲು ಆಕಾಶವೆಲ್ಲ ಖಾಲಿ ಇರುವಾಗ ಈ ಅಳತೆ ಸಾಲದು. ಹದ ತಪ್ಪಿದ ಅಪ್ರೋಚನ್ನು ಹಟದಿಂದ ಮುಂದುವರಿಸಿ, ಹೇಗೋ ನಿಲ್ಲಿಸಿ, ಎಲ್ಲರೂ ನಗುತ್ತ ಇಳಿದು ಹೋದರೆನ್ನಿ. ನಾನು ಅದನ್ನು ಕೆಟ್ಟ ಇಳಿತ ಎಂದೇ ಹೇಳುತ್ತೇನೆ. ಯಾರಿಗೂ ಏನೂ ಆಗಲಿಲ್ಲವೆಂಬುದು ಅದೃಷ್ಟದ ಲೆಕ್ಕಕ್ಕೆ ಹೋಗಬೇಕು, ಪೈಲಟನ ಲೆಕ್ಕಕ್ಕಲ್ಲ.

ಇದಕ್ಕೊಂದು ಆಕ್ಷೇಪ ಬರುತ್ತದೆ, ಬರಬೇಕಾದದ್ದೇ. ಫಲ ಚೆನ್ನಾಗಿದ್ದ ಮೇಲೆ ಕೆಲಸ ಕೆಟ್ಟದ್ದು ಹೇಗಾಗುತ್ತದೆ? ಜೀವ ಉಳಿಯುವುದಕ್ಕಿಂತ ದೊಡ್ಡ ಸಾಕ್ಷಿ ಏನಿದೆ? ಇದಕ್ಕೆ 'ಫಲದ ಮೇಲೆ ಕಣ್ಣಿಡಬೇಡ' ಎಂಬ ಉತ್ತರ ನನಗೆ ಒಪ್ಪಿಗೆಯಿಲ್ಲ. ನೂರಾರು ಜನರನ್ನು ಕೂರಿಸಿಕೊಂಡವನು ಫಲದ ಮೇಲೆ ಕಣ್ಣಿಡಲೇಬೇಕು. ನನ್ನ ವಾದ ಬೇರೆ: ಒಂದು ಸಲದ ಫಲ ಬಹಳ ದುರ್ಬಲ ಸಾಕ್ಷಿ. ನಮ್ಮ ಜವಳಗೇರಾದಲ್ಲಿ ರಾಷ್ಟ್ರೀಯ ಬೀಜ ನಿಗಮದ ಫಾರ್ಮ್ ಇದೆ. ಬೀಜದ ಭತ್ತವನ್ನು ಅಂಗೈಯಲ್ಲಿ ಹಿಡಿದು ನೋಡಿದರೆ ಮಿಲ್ಲಿಗೆ ಹೋಗುವ ಭತ್ತಕ್ಕೂ ಅದಕ್ಕೂ ವ್ಯತ್ಯಾಸ ಕಾಣದು. ಕಾಳು ಮಿರಿಮಿರಿ ಮಿಂಚುತ್ತದೆ ಎಂದು ಯಾರೂ ಚೀಲಕ್ಕೆ ಪ್ರಮಾಣದ ಚೀಟಿ ಕಟ್ಟುವುದಿಲ್ಲ. ಬೆಳೆ ನಿಂತಿರುವಾಗಲೇ ಗದ್ದೆಗೆ ಬಂದು ನೋಡುತ್ತಾರೆ: ಪಕ್ಕದ ತಳಿಗೂ ಇದಕ್ಕೂ ಮೂರು ಮೀಟರ್ ಅಂತರ ಬಿಟ್ಟಿದ್ದಾರೆಯೇ, ಬೆರಕೆ ಗಿಡಗಳನ್ನು ಕಿತ್ತಿದ್ದಾರೆಯೇ. ಆಮೇಲೆ ನೂರಕ್ಕೆ ಎಂಬತ್ತಾದರೂ ಮೊಳೆಯುತ್ತದೆಯೇ ಎಂಬ ಪರೀಕ್ಷೆ. ಬೆರಕೆ ಇದ್ದ ಗದ್ದೆಯ ಕಾಳು ಈ ವರ್ಷ ಒಬ್ಬನ ಹೊಲದಲ್ಲಿ ಚೆನ್ನಾಗಿ ಬಂದೀತು. ಹಾಗೆಂದು ಅದನ್ನು ಬೀಜ ಎಂದು ಕರೆಯುವ ರೈತ ನಮ್ಮಲ್ಲಿಲ್ಲ.

2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಇದೇ ಬಜ್ಪೆಗೆ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನದಲ್ಲಿ 166 ಜನರಿದ್ದರು. ಮಳೆಯಿರಲಿಲ್ಲ, ರನ್‌ವೇ ಒಣಗಿತ್ತು, ಕಣ್ಣಿಗೆ ದಾರಿ ಕಾಣುತ್ತಿತ್ತು. ವಿಮಾನ ನಿಲ್ದಾಣದ ರಡಾರ್ ಎರಡು ದಿನದಿಂದ ಕೆಟ್ಟಿದ್ದರಿಂದ ಕೆಳಗಿಳಿಯಲು ಅನುಮತಿ ಸಿಕ್ಕಿದ್ದು ತಡವಾಗಿ. ಪ್ರಯಾಣದ ಬಹುಪಾಲು ಕ್ಯಾಪ್ಟನ್ ನಿದ್ದೆಯಲ್ಲಿದ್ದರೆಂದು ಧ್ವನಿಮುದ್ರಣದಿಂದ ತಿಳಿಯಿತು. ಎಚ್ಚತ್ತು ಇಳಿಸುವ ಕೆಲಸಕ್ಕೆ ಕೈಯಿಟ್ಟಾಗ ವಿಮಾನ ಇರಬೇಕಾದದ್ದಕ್ಕಿಂತ ಬಹಳ ಎತ್ತರದಲ್ಲಿತ್ತು. ಅದನ್ನು ಕಡಿದಾಗಿ ಕೆಳಗೆ ತಳ್ಳಿದರು. ನೆಲದ ಎಚ್ಚರಿಕೆಯ ಯಂತ್ರ ಕೂಗಿತು. ಪಕ್ಕದ ಸಹಪೈಲಟ್ ಮೂರು ಸಲ ಗೋ-ಅರೌಂಡ್ ಎಂದರು. ಕೊನೆಗೆ ಚಕ್ರ ಮುಟ್ಟಿದ್ದು ರನ್‌ವೇಯ ಅಂಚಿನಿಂದ ಸುಮಾರು 5,200 ಅಡಿ ಒಳಗೆ. ಉಳಿದದ್ದು ಮೂರು ಸಾವಿರ ಅಡಿಗೂ ಕಡಿಮೆ. ಆಗಲೂ, ಪೂರ್ತಿ ಬ್ರೇಕು ಹಿಡಿದಿದ್ದರೆ ನಿಲ್ಲಿಸಬಹುದಿತ್ತು ಎಂದು ಏರ್ ಮಾರ್ಷಲ್ ಬಿ.ಎನ್. ಗೋಖಲೆ ಅವರ ತನಿಖೆ ಹೇಳಿತು. ಕ್ಯಾಪ್ಟನ್ ವಿಮಾನವನ್ನು ತಡೆಯುವ ಎಂಜಿನ್ನಿನ ಹಿಮ್ಮುಖ ಶಕ್ತಿಯನ್ನು ತೆರೆದು, ಆಮೇಲೆ ಮನಸ್ಸು ಬದಲಿಸಿ ಮೇಲೇರಲು ನೋಡಿದರು. ವಿಮಾನ ರನ್‌ವೇ ದಾಟಿ, ಬಲರೆಕ್ಕೆ ಆಂಟೆನಾದ ಕಟ್ಟೆಗೆ ಬಡಿದು, ಕೆಂಜಾರಿನ ಕಮರಿಗೆ ಬಿತ್ತು. 158 ಜನ ತೀರಿಕೊಂಡರು, ಎಂಟು ಜನ ಉಳಿದರು.

ಈ ತನಿಖೆಯ ವರದಿಯ ಬಗ್ಗೆ ಯೋಚಿಸಿದಾಗಲೆಲ್ಲ ನನ್ನ ಮನಸ್ಸು ನಿಲ್ಲುವುದು ಒಂದೇ ಕಡೆ. ಮೇಲೇರುವುದು ಸರಿಯಾದ ಕೆಲಸವೇ ಆಗಿತ್ತು. ಮೂರು ಸಲ ಹೇಳಿದಾಗ ಅದು ಸರಿಯಾಗಿತ್ತು. ಚಕ್ರ ಊರಿ ಹಿಮ್ಮುಖ ಶಕ್ತಿ ತೆರೆದ ಮೇಲೆ ಅದೇ ಕೆಲಸ ತಪ್ಪಾಯಿತು. ಬೇಡ ಎನ್ನುವುದಕ್ಕೂ ಒಂದು ವೇಳೆ ಇದೆ. ಅದು ಮೀರಿದರೆ ಬೇಡ ಎನ್ನುವ ಹಕ್ಕೂ ಕೈಬಿಟ್ಟುಹೋಗುತ್ತದೆ. 1990ರ ಫೆಬ್ರುವರಿ 14ರಂದು ಬೆಂಗಳೂರಿನ ಎಚ್‌ಎಎಲ್ ನಿಲ್ದಾಣಕ್ಕೆ ಬರುತ್ತಿದ್ದ ಇಂಡಿಯನ್ ಏರ್‌ಲೈನ್ಸ್ ಏರ್‌ಬಸ್ಸಿಗೆ ಆದದ್ದು ಇದರ ತದ್ವಿರುದ್ಧ: ಅದು ರನ್‌ವೇ ಮುಟ್ಟುವ ಮೊದಲೇ ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ಬಿತ್ತು. ಎಂಜಿನ್ನುಗಳು ಸುಮ್ಮನಿದ್ದವು, ವೇಗ ಇಳಿಯುತ್ತ ಹೋದದ್ದು ಗಮನಕ್ಕೆ ಬಂದದ್ದು ತಡವಾಗಿ. ಶಕ್ತಿ ಕೊಟ್ಟರೂ ಎಂಜಿನ್ ಎಚ್ಚರಗೊಳ್ಳಲು ಕೆಲವು ಸೆಕೆಂಡು ಬೇಕು. ಆ ಸೆಕೆಂಡುಗಳು ಇರಲಿಲ್ಲ. 146 ಜನರಲ್ಲಿ 92 ಜನ ಹೋದರು. ಒಂದು ಬೇಗ ನೆಲ ಮುಟ್ಟಿತು, ಇನ್ನೊಂದು ತಡವಾಗಿ. ಎರಡರಲ್ಲೂ ಬಾನು ತಿಳಿಯಾಗಿತ್ತು. ಕಳೆದುಕೊಂಡ ಹದವನ್ನು ಕೊನೆಯ ಕ್ಷಣದ ಯಾವ ಕೈಚಳಕವೂ ತಂದುಕೊಡಲಿಲ್ಲ.

ಹಾಗಿದ್ದ ಮೇಲೆ ಮೇಲೇರುವುದು ಅಷ್ಟೇಕೆ ಕಷ್ಟ? ಕೈಗೆ ಅದು ಕಷ್ಟದ ಕೆಲಸವಲ್ಲ. ಪ್ರತಿ ಪೈಲಟೂ ಕಲಿತದ್ದೇ. ಮನಸ್ಸಿಗೆ ಕಷ್ಟ. ಗುರಿ ಕಣ್ಣೆದುರಿಗೆ ಬಂದಿರುತ್ತದೆ. ದೀಪ ಕಾಣುತ್ತದೆ, ಗುಡ್ಡ ಕಾಣುತ್ತದೆ, ಇಷ್ಟು ದೂರ ಬಂದದ್ದಾಗಿದೆ. ಇನ್ನು ಸ್ವಲ್ಪ, ಸರಿಹೋಗುತ್ತದೆ ಎಂದು ಮನಸ್ಸು ಹೇಳುತ್ತದೆ. ಮದುವೆ ಮಾತುಕತೆಯಲ್ಲಿ, ಸಾಲದಲ್ಲಿ, ಬತ್ತಿದ ಬೋರ್‌ವೆಲ್ಲನ್ನು ಇನ್ನೂ ನೂರಡಿ ಕೊರೆಸುವುದರಲ್ಲಿ ಈ 'ಇನ್ನು ಸ್ವಲ್ಪ'ವನ್ನು ನಾವೆಲ್ಲ ಕೇಳಿದವರೇ. ಇದರ ಜೊತೆಗೆ ನಮ್ಮಲ್ಲಿ ಇನ್ನೊಂದು ತೊಡಕು ಇದೆ. ದೊಡ್ಡವರು ತಪ್ಪುತ್ತಿರುವಾಗ ಸಣ್ಣವರು ಹೇಳುವುದು ಹೇಗೆ? ನಮ್ಮ ಭಾಷೆಯಲ್ಲಿ ಎಚ್ಚರಿಕೆಯೂ ತಲೆಬಾಗಿಯೇ ಬರುತ್ತದೆ: 'ಸ್ವಲ್ಪ ನೋಡ್ರಿ', 'ಹಿಂಗ ಮಾಡಿದ್ರ ಹ್ಯಾಂಗ್ರಿ'. ಇದು ನಮ್ಮ ಸಂಸ್ಕಾರದ ಚೆಲುವು, ಅದನ್ನು ನಾನು ಪ್ರೀತಿಸುತ್ತೇನೆ. ಆದರೆ ಹಿರಿಯನಿಗೆ ತಾಗದಂತೆ ಹೇಳಿದ ಮಾತು ಕೆಲವೊಮ್ಮೆ ಅವನಿಗೆ ತಲುಪುವುದೂ ಇಲ್ಲ. ಈಗ ಎಷ್ಟೋ ವಿಮಾನ ಸಂಸ್ಥೆಗಳಲ್ಲಿ ಇಬ್ಬರಲ್ಲಿ ಯಾರೇ ಗೋ-ಅರೌಂಡ್ ಎಂದರೂ ವಾದವಿಲ್ಲದೆ ಮೇಲೇರಬೇಕು ಎಂಬ ನಿಯಮವಿದೆ. ಇದರಿಂದ ಕಿರಿಯನಿಗೆ ಧೈರ್ಯ ಬಂತು ಎನ್ನುತ್ತಾರೆ. ನನಗೆ ಕಾಣುವುದು ಹಿರಿಯನಿಗೆ ಸಿಕ್ಕ ಬಿಡುಗಡೆ: ಕೇಳಿದರೆ ಸೋತಂತಲ್ಲ ಎಂದು ನಿಯಮವೇ ಅವನಿಗೆ ಹೇಳಿಬಿಟ್ಟಿದೆ. ಒಳಗೆ ಕೂತವರೂ ನೆಲದ ಮೇಲೆ ಕಾಯುವವರೂ ಮೇಲೇರುವುದನ್ನು ಸೋಲೆಂದು ಎಣಿಸಬಾರದು. ವಿಮಾನ ಇಳಿಯದೆ ಮೇಲೆ ಹೋದಾಗ ಪ್ರಯಾಣಿಕರು ಗೊಣಗುವುದನ್ನು ನಾನು ಕಂಡಿದ್ದೇನೆ. ಆ ಗೊಣಗಾಟವೂ ಮುಂದಿನ ಪೈಲಟನ ಕೈಯ ಮೇಲೆ ಭಾರವಾಗಿ ಕೂರುತ್ತದೆ.

ಮಾವನಿಗೆ ಇದನ್ನೆಲ್ಲ ನಾನು ಕಲಿಸಬೇಕಾಗಿರಲಿಲ್ಲ. ನನಗೆ ಚಿಕ್ಕಂದಿನಲ್ಲೇ ಹೇಳಿಕೊಟ್ಟವರು ಅವರು. ನಮ್ಮ ಗದ್ದೆಯಿಂದ ರಸ್ತೆಗೆ ಬರಬೇಕಾದರೆ ತುಂಗಭದ್ರಾ ಎಡದಂಡೆಯ ಉಪಕಾಲುವೆಯ ಏರಿ ಹತ್ತಿ ಇಳಿಯಬೇಕು. ಇಳುಕಲು ಕಡಿದು. ಭತ್ತ ಹೇರಿದ ಟ್ರಾಲಿ ಹಿಂದಿನಿಂದ ಟ್ರ್ಯಾಕ್ಟರನ್ನು ನೂಕುತ್ತದೆ. ನನಗೆ ಟ್ರ್ಯಾಕ್ಟರ್ ಕಲಿಸುವಾಗ ಅವರು ಏರಿಯ ನೆತ್ತಿಯಲ್ಲಿ ನಿಲ್ಲಿಸಿ, ನನ್ನ ಕೈಮೇಲೆ ಕೈಯಿಟ್ಟು ಸಣ್ಣ ಗೇರಿಗೆ ತಂದರು. "ಗೇರ್ ಮ್ಯಾಲೇ ಹಾಕಬೇಕು. ನಡುವ ಹಾಕಾಕ ಹೋದಿ ಅಂದ್ರ ನ್ಯೂಟ್ರಲ್ ಆಗ್ತೈತಿ, ಆಮ್ಯಾಲ ಬ್ರೇಕ್ ಏನೂ ಕೇಳಂಗಿಲ್ಲ." ಕೆಳಗೆ ಮುಟ್ಟಿದಾಗ ಚೀಲ ಎಷ್ಟು ಕುಲುಕಿತು ಎಂದು ಅವರು ಒಂದು ದಿನವೂ ಕೇಳಲಿಲ್ಲ.

ಮಂಗಳೂರಿನಿಂದ ಬಂದ ಮೇಲಿನ ಸುಗ್ಗಿ. ಕೊಯ್ಲಿನ ಹೊತ್ತಿಗೆ ಅಕಾಲದ ಮಳೆ ಬಿದ್ದು ಏರಿಯ ಕರಿಮಣ್ಣು ಬೆಣ್ಣೆಯಂತಾಗಿತ್ತು. ರಸ್ತೆಯಲ್ಲಿ ರೈಸ್‌ಮಿಲ್ಲಿಗೆ ಹೋಗುವ ಲಾರಿ ಕಾಯುತ್ತಿತ್ತು. ನೆತ್ತಿಗೆ ಬಂದ ಡ್ರೈವರ್ ಹುಡುಗ ಟ್ರ್ಯಾಕ್ಟರ್ ನಿಲ್ಲಿಸಿ ಕೆಳಗಿಳಿದ.

"ಗೌಡ್ರ, ಬ್ಯಾಡ್ರಿ. ಇಷ್ಟು ಲೋಡ್ ಇಳಿಯಂಗಿಲ್ಲ."

"ಲಾರಿ ಕಾಯಾಕ ಹತ್ತೈತಲ್ಲೋ."

"ಬ್ಯಾಡ್ರಿ" ಎಂದ ಅವನು, ಈ ಸಲ ಮುಖ ನೋಡಿ.

ಮಾವ ಇಳುಕಲಿನ ತುದಿಗೆ ಹೋಗಿ ಚಪ್ಪಲಿಯಿಂದ ಮಣ್ಣು ಒತ್ತಿ ನೋಡಿದರು. ಸ್ವಲ್ಪ ಹೊತ್ತು ಅಲ್ಲೇ ನಿಂತರು. ಆಮೇಲೆ ತಿರುಗಿ ಹಮಾಲರನ್ನು ಕರೆದರು. ಅರ್ಧದಷ್ಟು ಚೀಲಗಳು ಏರಿಯ ಮೇಲೆಯೇ ಇಳಿದವು. ಮೇಲೆ ತಾಡಪಲ್ ಹೊದಿಸಿದರು. ರಸ್ತೆಯಲ್ಲಿ ಲಾರಿಯವನು ಎರಡು ಸಲ ಹಾರನ್ ಹೊಡೆದ, ಯಾರೂ ಆ ಕಡೆ ನೋಡಲಿಲ್ಲ.