ಕೇಡಿನ ಗುರುತು ಯಾರ ಮೈಮೇಲಿನದು?

ಅನಿಮೇಷನ್ ಚಿತ್ರದಲ್ಲಿ ಆಕಸ್ಮಿಕ ಎಂಬುದಿಲ್ಲ. ನಟರಿರುವ ಸಿನಿಮಾದಲ್ಲಿ ಗಾಳಿಗೆ ಕೂದಲು ಹಾರಬಹುದು, ಮೋಡ ಸರಿದು ಮುಖದ ಮೇಲೆ ನೆರಳು ಬೀಳಬಹುದು. ನಿರ್ದೇಶಕ ಬಯಸದೇ ಇದ್ದದ್ದೂ ಕ್ಯಾಮೆರಾದೊಳಗೆ ನುಸುಳುತ್ತದೆ. ಬರೆದ ಚಿತ್ರದಲ್ಲಿ ಹಾಗಲ್ಲ. ಅಲ್ಲಿ ನೆರಳು ಬಿದ್ದಿದೆ ಎಂದರೆ ಯಾರೋ ಕೂತು ಆ ನೆರಳನ್ನು ಬರೆದಿದ್ದಾರೆ ಎಂದೇ ಅರ್ಥ. ಒಳ್ಳೆಯವರನ್ನೂ ಕೆಟ್ಟವರನ್ನೂ ನಾವು ಹೇಗೆ ಕಲ್ಪಿಸಿಕೊಳ್ಳುತ್ತೇವೆ ಎಂದು ತಿಳಿಯಲು ನಾನು ಮಕ್ಕಳ ಈ ಚಿತ್ರಗಳತ್ತ ಹೋಗುವುದು ಅದಕ್ಕಾಗಿಯೇ.

1994ರ ‘ದಿ ಲಯನ್ ಕಿಂಗ್’ ನಿಮ್ಮಲ್ಲಿ ಬಹುತೇಕರು ನೋಡಿರುತ್ತೀರಿ. ಒಮ್ಮೆ ಅದರ ಮೊದಲ ಹತ್ತು ನಿಮಿಷವನ್ನು ಧ್ವನಿ ಆರಿಸಿ ನೋಡಿ. ಸೂರ್ಯೋದಯ, ಹೊಂಬಣ್ಣದ ಬಯಲು, ಬಂಡೆಯ ತುದಿಯಲ್ಲಿ ಎತ್ತಿ ಹಿಡಿದ ಮರಿಸಿಂಹದ ಮೇಲೆ ಮೋಡ ಸೀಳಿ ಬೀಳುವ ಬಿಸಿಲು. ರಾಜ ಮುಫಾಸನನ್ನು ನಾವು ಕೆಳಗಿನಿಂದ ತಲೆಯೆತ್ತಿ ನೋಡುತ್ತೇವೆ. ಅದು ಮುಗಿದದ್ದೇ ಕತ್ತಲ ಗುಹೆ, ಒಂದು ಪುಟ್ಟ ಇಲಿ, ಅದನ್ನು ಅಮುಕುವ ಪಂಜ. ರಾಜನ ತಮ್ಮ ಸ್ಕಾರ್ ಹೀಗೆ ಪ್ರವೇಶಿಸುತ್ತಾನೆ. ಕಪ್ಪು ಕೇಸರ, ಬಡಕಲು ಮೈ, ಹಸಿರು ಕಣ್ಣು, ಒಂದು ಕಣ್ಣಿನ ಮೇಲೆ ಹಳೆಯ ಗಾಯದ ಗೆರೆ. ಅಣ್ಣನನ್ನು ಅವನು ಕೊಲ್ಲುವುದು ಇನ್ನೂ ಬಹಳ ಹೊತ್ತಿನ ಮೇಲೆ. ಆದರೆ ತೀರ್ಪು ಆಗಲೇ ಆಗಿಹೋಗಿದೆ.

ಈಗ ಧ್ವನಿ ಹಾಕಿ. ಮುಫಾಸ ಅಮೆರಿಕನ್ ಧಾಟಿಯಲ್ಲಿ ಮಾತಾಡುತ್ತಾನೆ, ಮಗ ಸಿಂಬನೂ ಹಾಗೆಯೇ. ಒಂದೇ ಮನೆಯಲ್ಲಿ ಹುಟ್ಟಿದ ತಮ್ಮನದು ಮಾತ್ರ ಬ್ರಿಟಿಷ್ ಧಾಟಿ! ಅರಮನೆಯ ಹಕ್ಕಿ ಜಾಜುವೂ ಆ ಧಾಟಿಯವನೇ, ಆದರೆ ಅವನ ಕೆಲಸ ನಗಿಸುವುದು. ಎರಡು ವರ್ಷ ಮೊದಲು ಬಂದ ‘ಅಲ್ಲಾದೀನ್’ನಲ್ಲೂ ನಾಯಕ ನಾಯಕಿಯರ ಬಾಯಲ್ಲಿ ಅಮೆರಿಕನ್ ಇಂಗ್ಲಿಷ್, ಪೇಟೆಯ ವ್ಯಾಪಾರಿಗಳ, ಕಾವಲುಗಾರರ ನಾಲಿಗೆಗೆ ಮಾತ್ರ ಹೊರನಾಡಿನ ಎಳೆತ. ಆ ಚಿತ್ರದ ಮೊದಲ ಹಾಡಿನ ಒಂದು ಸಾಲಿಗೆ ಅಮೆರಿಕದ ಅರಬ್ ಸಮುದಾಯ ಆಕ್ಷೇಪ ಎತ್ತಿದ ಮೇಲೆ 1993ರಲ್ಲಿ ಅದನ್ನು ಬದಲಿಸಲಾಯಿತು. ಧಾಟಿ ಮಾತ್ರ ಹಾಗೆಯೇ ಉಳಿಯಿತು.

ಕೇಡನ್ನು ಗುರುತು ಹಾಕಿ ತೋರಿಸುವುದೇ ತಪ್ಪು ಎಂದು ನಾನು ಹೇಳಲಾರೆ. ನಮ್ಮ ಯಕ್ಷಗಾನವನ್ನೇ ನೋಡಿ. ತೆರೆಯ ಹಿಂದಿನಿಂದ ಆರ್ಭಟ, ಚೆಂಡೆಯ ಅಬ್ಬರ, ಆಮೇಲೆ ಅಕ್ಕಿಹಿಟ್ಟಿನ ಚಿಟ್ಟಿ ಇಟ್ಟ ಭಯಂಕರ ಮುಖ. ಬಣ್ಣದ ವೇಷ ರಂಗಕ್ಕೆ ಬಂದರೆ ಬಂದವನು ರಾಕ್ಷಸ ಎಂದು ನಿದ್ದೆಗಣ್ಣಿನ ಮಗುವಿಗೂ ತಿಳಿಯುತ್ತದೆ. ಆದರೆ ಆಟ ಮುಗಿದು ಬೆಳಗಾದಾಗ ಆ ಮುಖ ಊರಿನಲ್ಲಿ ಯಾರದ್ದೂ ಅಲ್ಲ. ಚಿಟ್ಟಿ ಇಟ್ಟುಕೊಂಡು ಹುಟ್ಟಿದವರು ಯಾರೂ ಇಲ್ಲ. ಆ ಗುರುತು ರಂಗದ ಸೊತ್ತು, ಚೌಕಿಯಲ್ಲೇ ತೊಳೆದುಹೋಗುತ್ತದೆ.

ಗಾಯದ ಕಲೆ ಹಾಗೆ ತೊಳೆದುಹೋಗುವುದಿಲ್ಲ. ಸ್ಕಾರ್ ಎಂಬ ಹೆಸರಿನ ಅರ್ಥವೇ ಗಾಯದ ಕಲೆ. ಅವನ ಮನೆಯವರೂ ಅವನನ್ನು ಕರೆಯುವುದು ಆ ಹೆಸರಿನಿಂದಲೇ. ಮುಖದ ಮೇಲೆ ಸುಟ್ಟ ಗುರುತೋ ಹುಟ್ಟುಮಚ್ಚೆಯೋ ಇರುವ ಮಗು ಆ ಚಿತ್ರಮಂದಿರದಲ್ಲಿ ಕುಳಿತಿದ್ದರೆ, ಪರದೆ ಅದಕ್ಕೆ ಏನು ಹೇಳುತ್ತದೆ? ಅದಕ್ಕಿಂತ ಹೆಚ್ಚಾಗಿ, ಪಕ್ಕದಲ್ಲಿ ಕುಳಿತ ಮಗುವಿಗೆ ಏನು ಕಲಿಸುತ್ತದೆ?

ಇದು ಹಳೆಯ ರೂಢಿ. 1937ರ ‘ಸ್ನೋ ವೈಟ್’ನ ರಾಣಿ ಸುಂದರಿ. ವಿಷದ ಸೇಬು ಕೊಡುವ ಹೊತ್ತಿಗೆ ಮಾತ್ರ ಅವಳು ಬಾಗಿದ ಬೆನ್ನಿನ, ಹಲ್ಲುದುರಿದ, ಮೂಗಿನ ಮೇಲೆ ನರಹುಲಿಯಿರುವ ಮುದುಕಿಯಾಗಬೇಕು. ಕೇಡು ಬಯಸಿದ್ದು ಸುಂದರಿ, ಅದಕ್ಕೆ ಮುಖ ಕೊಟ್ಟದ್ದು ಮುಪ್ಪು. ಒಂಟಿ ಮುದುಕಿಯನ್ನು ಮಾಟಗಾತಿ ಎಂದು ಬಡಿದ ಸುದ್ದಿ ಇಂದಿಗೂ ಬರುವ ದೇಶದಲ್ಲಿ ಕೂತು ನೋಡುವಾಗ ಈ ಚಿತ್ರಿಕೆ ಬರೀ ಕಾಲ್ಪನಿಕ ಎನ್ನಿಸುವುದಿಲ್ಲ. ಒಂದು ಚಿತ್ರದಿಂದ ಯಾರೂ ಕೋಲು ಎತ್ತಿಕೊಳ್ಳುವುದಿಲ್ಲ, ನಿಜ. ಆದರೆ ಎಳವೆಯಲ್ಲಿ ಕಣ್ಣಿಗೆ ಬಿದ್ದ ರೂಢಿ ಮುಂದೆ ಅನುಮಾನಕ್ಕೆ ದಾರಿ ತೋರಿಸುತ್ತದೆ. 2018ರಲ್ಲಿ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್, ಮುಖದ ಕಲೆಯನ್ನು ಖಳತನದ ಸಂಕೇತವಾಗಿ ಬಳಸುವ ಚಿತ್ರಗಳಿಗೆ ಹಣ ಕೊಡುವುದಿಲ್ಲ ಎಂದು ಪ್ರಕಟಿಸಿದ್ದು ಇಂಥ ಯೋಚನೆಯಿಂದಲೇ.

ಮಕ್ಕಳಿಗೆ ಸ್ಪಷ್ಟತೆ ಬೇಡವೇ ಎಂದು ನೀವು ಕೇಳಬಹುದು. ಬೇಕು. ಆದರೆ ಚಿತ್ರಕಾರನ ಕೈಯಲ್ಲಿರುವ ಉಪಾಯಗಳು ಎರಡು ಬಗೆಯವು. ಬೆಳಕು, ಕ್ಯಾಮೆರಾದ ಕೋನ, ಹಿನ್ನೆಲೆಯ ಬಣ್ಣ, ಸಂಗೀತ ಇವು ಯಾರ ಮೈಮೇಲೂ ಇಲ್ಲದವು. ಚರ್ಮ, ಕಲೆ, ಗೂನು, ಉಚ್ಚಾರ, ಮುಪ್ಪು ಇವು ಬದುಕಿರುವ ಮನುಷ್ಯರಿಂದ ಎರವಲು ತಂದವು. ‘ಲಯನ್ ಕಿಂಗ್’ನಲ್ಲೇ ಮೊದಲ ಬಗೆಯ ಒಳ್ಳೆಯ ಉದಾಹರಣೆಯಿದೆ. ಹಸಿರು ಹೊಗೆಯ ನಡುವೆ ಕತ್ತೆಕಿರುಬಗಳು ಸ್ಕಾರ್‌ನ ಮುಂದೆ ಸಾಲುಗಟ್ಟಿ ಹೆಜ್ಜೆ ಹಾಕುವ ದೃಶ್ಯಕ್ಕೆ ನಾಜಿಗಳ ಪ್ರಚಾರಕ್ಕೆಂದು ತೆಗೆದ 1935ರ ‘ಟ್ರಯಂಫ್ ಆಫ್ ದ ವಿಲ್’ ಪ್ರೇರಣೆ. ಅಲ್ಲಿ ಗುರುತಾಗಿ ನಿಂತಿರುವುದು ಒಂದು ಕೃತ್ಯ: ಅಧಿಕಾರಕ್ಕಾಗಿ ಗುಂಪನ್ನು ಕವಾಯತು ಮಾಡಿಸುವುದು. ಆ ಗುರುತನ್ನು ಕಲಿತ ಮಗು ಮುಂದೆ ಯಾವ ಅಮಾಯಕನನ್ನೂ ಅನುಮಾನಿಸುವುದಿಲ್ಲ. ಬದಲಿಗೆ ಒಂದು ಸಭೆಯನ್ನು ಅನುಮಾನಿಸಬಹುದು. ಅದು ಒಳ್ಳೆಯ ಪಾಠ.

ಗುರುತೇ ಇಲ್ಲದ ಕೇಡನ್ನೂ ಚಿತ್ರಗಳು ಬರೆದಿವೆ. 2013ರ ‘ಫ್ರೋಜನ್’ನ ರಾಜಕುಮಾರ ಹಾನ್ಸ್ ಚೆಲುವ. ಅವನಿಗೆ ಪ್ರೇಮಗೀತೆಯೂ ಇದೆ, ಚಳಿಯಲ್ಲಿ ನಡುಗುವ ಪ್ರಜೆಗಳಿಗೆ ಹೊದಿಕೆಯನ್ನೂ ಕೊಡಿಸುತ್ತಾನೆ. ಸಾಯುತ್ತಿರುವ ಹುಡುಗಿಯ ಕೋಣೆಯ ಬೆಂಕಿ ಆರಿಸಿ, ಬೀಗ ಹಾಕಿ ಹೋದಾಗಲೇ ಅವನು ಯಾರೆಂದು ತಿಳಿಯುವುದು. ಇದು ಮೋಸ ಎಂದು ಕೆಲವರಿಗೆ ಅನ್ನಿಸಬಹುದು. ನನಗೆ ಇದೇ ಹೆಚ್ಚು ಪ್ರಾಮಾಣಿಕ ಅನ್ನಿಸುತ್ತದೆ, ಏಕೆಂದರೆ ಬದುಕಿನಲ್ಲಿ ನಮಗೆ ಕೆಡುಕು ಮಾಡಿದವರು ಬಂದದ್ದು ಹೆಚ್ಚಾಗಿ ಹೀಗೆಯೇ, ಹಿನ್ನೆಲೆ ಸಂಗೀತವಿಲ್ಲದೆ.

ಹಯಾವೊ ಮಿಯಾಜಾಕಿ 2001ರ ‘ಸ್ಪಿರಿಟೆಡ್ ಅವೇ’ಯಲ್ಲಿ ಇನ್ನೂ ಮುಂದೆ ಹೋಗುತ್ತಾರೆ. ಯುಬಾಬ ಮತ್ತು ಜೆನೀಬ ಅವಳಿ ಮುದುಕಿಯರು. ಇಬ್ಬರದೂ ಅದೇ ದೊಡ್ಡ ತಲೆ, ಅದೇ ಮೂಗು, ಅದೇ ಉಡುಪು. ಜಪಾನಿ ಮೂಲದಲ್ಲಿ ಧ್ವನಿಯೂ ಒಬ್ಬರೇ ನಟಿಯದ್ದು. ಒಬ್ಬಳು ಹುಡುಗಿಯ ಹೆಸರನ್ನೇ ಕಸಿದು ಆಳಾಗಿ ದುಡಿಸಿಕೊಳ್ಳುತ್ತಾಳೆ. ಇನ್ನೊಬ್ಬಳು, ಮೊದಲು ಹೆದರಿಸಿದರೂ, ಕೊನೆಗೆ ತನ್ನ ಗುಡಿಸಲಿನಲ್ಲಿ ಚಹಾ ಕೊಟ್ಟು, ಕೂದಲಿಗೆ ಕಟ್ಟಲು ದಾರ ನೂತು ಕೊಡುತ್ತಾಳೆ. ಮುಖ ನೋಡಿ ಇವಳು ಒಳ್ಳೆಯವಳು, ಅವಳು ಕೆಟ್ಟವಳು ಎನ್ನಲು ನೋಡುವವನಿಗೆ ದಾರಿಯೇ ಇಲ್ಲ. ಅವರು ಏನು ಮಾಡುತ್ತಾರೆ ಎಂದು ಕಾದು ನೋಡಬೇಕು.

ಹಾಗೆ ಕಾಯುವುದನ್ನು ಕಲಿಸುವ ಕಲೆ ನನಗೆ ದೊಡ್ಡದಾಗಿ ಕಾಣುತ್ತದೆ. ಮಕ್ಕಳ ಜೊತೆ ಮುಂದೊಮ್ಮೆ ಇಂಥ ಚಿತ್ರ ನೋಡುವಾಗ, ಪರದೆಗೆ ಬಂದವನನ್ನು ಅವರು ಕೂಡಲೇ ಕೆಟ್ಟವನು ಎಂದರೆ ಒಂದೇ ಪ್ರಶ್ನೆ ಕೇಳಿ: ಇವನು ಇನ್ನೂ ಏನನ್ನೂ ಮಾಡಿಲ್ಲವಲ್ಲ, ನಿನಗೆ ಹೇಗೆ ಗೊತ್ತಾಯಿತು? ಅವರು ಕೊಡುವ ಉತ್ತರದಲ್ಲಿ ಚಿತ್ರಕಾರನ ಕೈ ಎಷ್ಟಿದೆ, ನಮ್ಮ ಮನೆಯ ಮಾತು ಎಷ್ಟಿದೆ ಎಂಬುದನ್ನು ಗಮನಿಸಿ ಕೇಳಿಸಿಕೊಳ್ಳಿ.